ಚರಗ ಚೆಲ್ಲಲು ಒಂದು ಹೊಲ

ಹಬ್ಬದ ಕಡುಬು ಬೇಯಿಸಲು ದೊಡ್ಡ ಪಾತ್ರೆ ಇಳಿಸಿಕೊಡಿ ಎಂದು ಹೆಂಡತಿ ನನ್ನನ್ನು ಅಟ್ಟ ಹತ್ತಿಸಿದಳು. ಪಾತ್ರೆಯ ಹಿಂದಿದ್ದ ಹಳೆಯ ಕಾಗದದ ಸುರುಳಿಯೊಂದು ನೇರ ನನ್ನ ತಲೆಯ ಮೇಲೆ ಬಿತ್ತು. ಬಿಚ್ಚಿದರೆ ಅರ್ಧ ಕೆಂಪು, ಅರ್ಧ ಬೂದಿ ಬಣ್ಣದ ಚಿತ್ರ. ಅದರ ಮೇಲೆ ಅಂಗೈಯಗಲದ ಎಣ್ಣೆ ಕಲೆ. ಇಷ್ಟು ವರ್ಷವಾದರೂ ಅದರಲ್ಲಿ ಎಣ್ಣೆಗಾಯಿಯ ವಾಸನೆ ಇದೆ ಎಂದರೆ ನೀವು ನಂಬಲಿಕ್ಕಿಲ್ಲ. ಹೆಂಡತಿಯೂ ನಂಬಲಿಲ್ಲ. “ಜಿರಳಿ ವಾಸನಿ ಅದು,” ಅಂದಳು.

ತೊಂಬತ್ತರ ದಶಕದ ಮೊದಲಲ್ಲಿ ನನಗೊಂದು ವಿಚಿತ್ರ ಕೆಲಸವಿತ್ತು. ಉಪಗ್ರಹ ತೆಗೆದ ಚಿತ್ರ ಹಿಡಿದು, ಎಲ್ಲಿ ಬೆಳೆ, ಎಲ್ಲಿ ಬೀಳು, ಎಲ್ಲಿ ಊರು ಎಂದು ನೆಲಕ್ಕೆ ಹೋಗಿ ತಾಳೆ ನೋಡುವುದು. ಏಷ್ಯಾ ಖಂಡದ ಊರುಗಳು ಹೊಲಗಳನ್ನು ಎಷ್ಟೆಷ್ಟು ನುಂಗುತ್ತಿವೆ ಎಂದು ಯಾರೋ ದೊಡ್ಡವರು ಎಲ್ಲೋ ಕೂತು ಲೆಕ್ಕ ಹಾಕುತ್ತಿದ್ದರು. ಆ ಖಂಡದಲ್ಲಿ ನನ್ನ ಪಾಲಿಗೆ ಬಂದದ್ದು ಸಿಂಧನೂರು, ಮಸ್ಕಿ, ಲಿಂಗಸುಗೂರು. ಆದರೂ ಇಡೀ ಖಂಡವನ್ನೇ ಹೊತ್ತವನ ಗತ್ತಿನಲ್ಲಿ ಸುರುಳಿಯನ್ನು ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದೆ. ಕ್ಯಾಲೆಂಡರು ಎಂದು ತಿಳಿದು ಕಂಡಕ್ಟರು ತನಗೊಂದು ಕೇಳಿದ್ದೂ ಉಂಟು.

ಈ ಚಿತ್ರಗಳ ರೀತಿ ಉಲ್ಟಾ. ಹಸಿರು ಬೆಳೆ ಅದರಲ್ಲಿ ಕೆಂಪಾಗಿ ಕಾಣುತ್ತದೆ. ತುರ್ವಿಹಾಳದಲ್ಲಿದ್ದ ನನ್ನ ಚಿಗವ್ವನಿಗೆ ಇದನ್ನು ವಿವರಿಸಿದಾಗ ಬಹಳ ಹೊತ್ತು ನೋಡಿ, “ಹಸರು ಕೆಂಪಾದ್ರ, ಸತ್ತಿದ್ದು ಯಾವ ಬಣ್ಣಪ್ಪಾ?” ಎಂದಳು. ಬೂದಿ ಎಂದೆ.

“ಅದೊಂದು ಖರೇ ಹಾಕ್ಯಾರ.”

ಚಿಗವ್ವನಿಗೆ ಮಕ್ಕಳು ಉಳಿಯಲಿಲ್ಲ. ಅದಕ್ಕೋ ಏನೋ, ಎಳ್ಳಮವಾಸ್ಯೆಯನ್ನು ಮಾತ್ರ ಆಕೆ ತಪ್ಪಿಸಿದವಳಲ್ಲ. ಆ ಹೊತ್ತಿಗೆ ಹೊಲದಲ್ಲಿ ಜೋಳ ನಿಂತಿರುತ್ತದೆ, ಭೂತಾಯಿ ಬಸುರಿ. ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ ಒಯ್ದು ಬೆಳೆಯ ನಡುವೆ ಹಿಡಿ ಹಿಡಿಯಾಗಿ ಚರಗ ಚೆಲ್ಲಿ, ತಾಯಿಯ ಬಯಕೆ ತೀರಿಸಿ, ಆಮೇಲೆ ನಾವು ಉಣ್ಣುವುದು. ಆದರೆ ಕಾಲುವೆಯ ನೀರಿಗೆ ಎಂಬತ್ತರ ದಶಕ ಮುಗಿಯುವಷ್ಟರಲ್ಲಿ ಚಿಗವ್ವನ ಜೋಳದ ಹೊಲವೂ ಭತ್ತದ ಗದ್ದೆಯಾಯಿತು. ಅಮವಾಸ್ಯೆ ಬರುವಾಗ ಅಲ್ಲಿ ಒಂದು ಬೆಳೆ ಕೊಯ್ದು ಎರಡನೆಯದಕ್ಕೆ ಕೆಸರು ಮಾಡುತ್ತಿರುತ್ತಾರೆ.

“ಭೂಮಿ ಈಗರ ಹಡದಾಳ. ಎದ್ದು ಕುಂದ್ರೂದ್ರಾಗ ಮತ್ತ ನಾಟಿ ಹಚ್ತಾರ,” ಎಂದಳು ಚಿಗವ್ವ. “ಬಾಣಂತಿಗೆ ಬಯಕಿ ಊಟ ಹ್ಯಾಂಗ ನೀಡ್ಲಿ? ನಿನ್ನ ಚಿತ್ರದಾಗ ಜ್ವಾಳ ನಿಂತ ಹೊಲ ಒಂದು ಹುಡುಕಿಕೊಡು ತಮ್ಮಾ.”

ಸಂತೆಕಲ್ಲೂರಿನ ಕಡೆ ಜೋಳಕ್ಕೇನೂ ಕೊರತೆ ಇರಲಿಲ್ಲ, ಆದರೆ ಆಕೆಯ ಮೊಣಕಾಲು ಅಷ್ಟು ದೂರಕ್ಕೆ ಒಪ್ಪುತ್ತಿರಲಿಲ್ಲ. ಬಸ್ಸಿಳಿದರೆ ಹೊಲ ಸಿಗಬೇಕು. ಹುಡುಕಿದೆ. ಮಸ್ಕಿ ದಾಟುತ್ತಲೇ ಲಿಂಗಸುಗೂರು ರಸ್ತೆಯ ಪಕ್ಕ ತಿಳಿಗೆಂಪು ತುಣುಕೊಂದು ಕಂಡಿತು. ಜೋಳವೇ, ಅನುಮಾನವಿಲ್ಲ. ಚಿತ್ರ ಹಿಂದಿನ ಚಳಿಗಾಲದ್ದು, ನಿಜ. ಹೊಲ ಎಲ್ಲಿಗೆ ಹೋದೀತು ಅಂದುಕೊಂಡೆ.

ಅಮವಾಸ್ಯೆಯ ದಿನ ಬುಟ್ಟಿ ಹೊತ್ತು ಇಳಿದೆವು. ಒಣಗಿದ ಜೋಳದ ಕೂಳೆಗಳ ನಡುವೆ ಸಾಲಾಗಿ ಕಲ್ಲು ನೆಟ್ಟಿದ್ದರು. ಒಬ್ಬಾತ ಅವಕ್ಕೆ ಸುಣ್ಣ ಬಳಿಯುತ್ತಿದ್ದ.

“ಪ್ಲಾಟ್ ನೋಡಾಕ ಬಂದೀರೇನ್ರಿ ಅಮ್ಮಾರ? ಮೂಲಿ ಪ್ಲಾಟ್ ಇನ್ನೂ ಅದಾವ್ರಿ.”

“ಇಲ್ಲಪ್ಪಾ. ಬಸುರಿಗೆ ಊಟ ತಂದಿದ್ನಿ.”

ಅವನು ನನ್ನ ಬೆನ್ನ ಹಿಂದೆ ಯಾರಾದರೂ ಹೆಣ್ಣುಮಗಳು ಇದ್ದಾಳೇನೋ ಎಂದು ಇಣುಕಿ ನೋಡಿದ.

ನಾನು ನೆಲಕ್ಕೆ ಹಾಸಿದ ಚಿತ್ರದ ಮೇಲೆ ಬುಟ್ಟಿ ಇಟ್ಟು ಚಿಗವ್ವ ಕೂತಳು. ಇಲ್ಲೇ ಚೆಲ್ಲಿಬಿಡು ಎಂದೆ. “ಬೆಳಿ ಇಲ್ಲ, ಬಸರಿಲ್ಲ. ಯಾರಿಗೆ ನೀಡ್ಲಿ?” ಎಂದಳು. ಬುಟ್ಟಿಯಿಂದ ಎಣ್ಣೆ ಕಾಗದಕ್ಕೆ ಇಳಿಯುತ್ತಿತ್ತು. ಹೋದ ಬುಟ್ಟಿ ಹೋದಂತೆಯೇ ವಾಪಸು ಬಂತು. ಅಂದು ಆಕೆ ಉಣ್ಣಲಿಲ್ಲ. ಮರುವರ್ಷದಿಂದ ಹೊಲ ಕೇಳಲೂ ಇಲ್ಲ. ಎಳ್ಳಮವಾಸ್ಯೆಗೆ ಒಲೆ ಹಚ್ಚದೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ಹಾಗೆಯೇ ಕೆಲವು ಅಮವಾಸ್ಯೆ ಕಳೆದ ಮೇಲೆ ತೀರಿಹೋದಳು.

ಆ ತುಣುಕನ್ನು ಏನೆಂದು ಬರೆಯಲಿ ಎಂದು ಆಫೀಸಿನಲ್ಲಿ ಕೇಳಿದ್ದೆ. “ಬೆಳಿ ಐತೇನು?” ಎಂದರು ಸಾಹೇಬರು. ಇಲ್ಲವೆಂದೆ. “ಮನಿ?” ಅದೂ ಇಲ್ಲವೆಂದೆ. “ಊರಂತ ಬರಿ ಮಾರಾಯಾ, ಇವತ್ತಿಲ್ಲ ನಾಳೆ ಆಗೇ ಆಗ್ತೈತಿ.”

ಆಯಿತು. ನನ್ನ ಮನೆಯೂ ಈಗ ಅಲ್ಲೇ ಇದೆ. ಮೂಲೆ ಪ್ಲಾಟ್.

ಇವತ್ತು ಎಳ್ಳಮವಾಸ್ಯೆ. ತಟ್ಟೆಯಲ್ಲಿ ಕಡುಬು, ಎಣ್ಣೆಗಾಯಿ ಹಿಡಿದು ಹೊರಗೆ ಬಂದೆ. ಅಂಗಳಕ್ಕೆ ಸಿಮೆಂಟು, ಓಣಿಗೂ ಸಿಮೆಂಟು. ಎದುರಿನ ಖಾಲಿ ಸೈಟಿನಲ್ಲಿ ಮಾತ್ರ ಪಾಯ ತೋಡಿದ್ದರು; ಕರಿಮಣ್ಣು ಹಸಿಯಾಗಿ ಮೇಲೆ ಬಿದ್ದಿತ್ತು. ಅಲ್ಲಿಗೆ ಹೋಗಿ ಒಂದು ಹಿಡಿ ಗುಂಡಿಯೊಳಗೆ ಚೆಲ್ಲಿದೆ.

“ಯಾರಿಗ್ರಿ ಯಜಮಾನ್ರ ಅದು?” ಒಳಗಿದ್ದ ಗೌಂಡಿ ತಲೆಯೆತ್ತಿ ಕೇಳಿದ.

ಬಸುರಿಗೆ ಎಂಬ ಚಿಗವ್ವನ ಉತ್ತರ ನಾಲಗೆಯ ತನಕ ಬಂತು. ಅಗೆದ ಗುಂಡಿ ನೋಡಿ ಹೇಳಲಾಗಲಿಲ್ಲ. ತಟ್ಟೆಯಲ್ಲಿ ಉಳಿದದ್ದನ್ನೂ ಅಲ್ಲೇ ಚೆಲ್ಲಿ ಬಂದೆ. ನಾಳೆ ಬೆಳಿಗ್ಗೆ ಕಾಂಕ್ರೀಟು ಹಾಕುತ್ತಾರಂತೆ.