ಬೇವಿನ ನೆರಳು ಬಿಟ್ಟು ಕೂತವರು

ಎಪ್ಪತ್ತರ ದಶಕದಲ್ಲಿ ತೊರವಿಯಿಂದ ಟಿಕೋಟಾ ಕಡೆಗೆ ಕರೆಂಟಿನ ಕಂಬ ನೆಡುವ ಮುಂಚೆ, ಹಾದಿಯಲ್ಲಿ ಹಳೇ ಕಟ್ಟಡದ ಕುರುಹು ಇದೆಯೇ ಎಂದು ನೋಡುವ ಕೆಲಸ ನನ್ನದು. ಕುರುಹು ಸಿಕ್ಕರೆ ಲೈನು ಪಕ್ಕದ ಹೊಲಕ್ಕೆ ತಿರುಗುತ್ತದೆ, ಇಲ್ಲಿನ ಬಾವಿಯ ಪಂಪಿಗೆ ಕರೆಂಟಿಲ್ಲ ಎಂಬ ಸುದ್ದಿ, ಅಂದು ನಾನು ನೋಡಬೇಕಿದ್ದ ಹೊಲವನ್ನು ನನಗಿಂತ ಮೊದಲೇ ಮುಟ್ಟಿತ್ತು.

ನಾನು ಹೋದಾಗ ಹೊಲದ ಮನೆಮಂದಿ ಐವರೂ, ಮುದುಕಿ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ರೊಟ್ಟಿ ತಿನ್ನುತ್ತಿದ್ದರು. ಹೊಲದ ಊಟವೆಂದರೆ ನೆರಳಲ್ಲಿ ಸುತ್ತ ಕೂತು ಬುತ್ತಿ ಹಂಚಿಕೊಳ್ಳುವುದು. ಇವರೋ ಬೇವಿನ ಗಿಡ ಬಿಟ್ಟು ಉರಿಬಿಸಿಲಲ್ಲಿ, ಮಾರು ದೂರಕ್ಕೊಬ್ಬರಂತೆ ಕೂತಿದ್ದರು. ಉಳ್ಳಾಗಡ್ಡಿ ಒಬ್ಬರಿಂದೊಬ್ಬರಿಗೆ ಹಾರಿಹೋಗುತ್ತಿತ್ತು.

“ನೆರಳಿಗೆ ಬರ್ರಿ ಯವ್ವಾ,” ಎಂದೆ ಮನೆಯ ಮುದುಕಿಗೆ.

“ಮೊಣಕಾಲ ಹಿಡದಾವೋ ಯಪ್ಪಾ. ನೀನೂ ಕುಂಡ್ರು, ರೊಟ್ಟಿ ತಿನ್ನು.”

“ಎಲ್ಲಾರ ಮೊಣಕಾಲೂ ಹಿಡದಾವೇನ್ರಿ?”

“ನಮ್ಮ ಮನಿತನಕ್ಕ ಐತಿ ಈ ಬ್ಯಾನಿ.”

ರೊಟ್ಟಿ ಮುರಿಯುತ್ತಾ ನೋಡಿದೆ. ಒಬ್ಬೊಬ್ಬರ ಕೆಳಗೂ ಒಂದೊಂದು ಕಲ್ಲು. ದಾರ ಹಿಡಿದಂತೆ ನೇರ ಸಾಲು, ಸೊಸೆಯರ ಹತ್ತಿರ ಚೊಕ್ಕ ಮೂಲೆ. ನಾನು ಹುಡುಕಬೇಕಿದ್ದ ಗೋಡೆಯನ್ನು ಅವರೇ ಕೂತು ತೋರಿಸಿದ್ದರು! ಯಾರನ್ನೂ ಎಬ್ಬಿಸದೆ ನಕ್ಷೆ ಬರೆದುಕೊಂಡೆ.

“ಗ್ವಾಡಿ ತಪ್ಪಿಸಿ, ಕಂಬ ನಿಮ್ಮ ಬದುವಿನ ಮ್ಯಾಲೇ ಹಾಕಾಕ ಬರೀತೇನಿ, ಯವ್ವಾ.”

ಎಂದದ್ದೇ ತಡ, ಮನೆತನದ ಬ್ಯಾನಿಯೆಲ್ಲ ವಾಸಿಯಾಗಿ ಐವರೂ ನೆರಳಿಗೆ ಓಡಿದರು. ಮುದುಕಿಯೇ ಎಲ್ಲರಿಗಿಂತ ಮುಂದೆ.