ಓಬಣ್ಣನ ಮೊದಲ ಚಿಪ್ಪು

ಹೊಸಹಳ್ಳಿಯಲ್ಲಿ ಓಬಣ್ಣನ ಹೆಂಡದಂಗಡಿ ಅವನ ಅಜ್ಜನ ಕಾಲದ್ದು. ಅಲ್ಲೊಂದು ಕಟ್ಟಳೆಯಿತ್ತು. ದಿನದ ಮೊದಲ ತೆಂಗಿನ ಚಿಪ್ಪಿನ ಹೆಂಡವನ್ನು ಅಂಗಡಿಯವನೇ ಎಲ್ಲರೆದುರು ಕುಡಿಯಬೇಕು. ಹೆಂಡ ಸರಿಯಿಲ್ಲವೆಂದು ಅವನು ಚಿಪ್ಪನ್ನು ಬೋರಲು ಹಾಕಿದರೆ ಅಂದು ವ್ಯಾಪಾರವಿಲ್ಲ.

ಸಾವಿರದ ಒಂಬೈನೂರ ಎಂಬತ್ತರ ಆಸುಪಾಸಿನಲ್ಲಿ, ಓಬಣ್ಣ ಹೆಂಡ ಇಳಿಸುತ್ತಿದ್ದ ಹಳ್ಳದ ಈಚಲ ಮರಗಳು ಹೋದವು. ಗುತ್ತಿಗೆದಾರನ ಡಿಪೋದಿಂದ ಸೀಲು ಹಾಕಿದ ಬಾಟಲಿಗಳಲ್ಲಿ ಹೆಂಡ ಬರತೊಡಗಿತು. ಕುಡಿಯುವವರಿಗೆ ದಿನವೂ ಅದೇ ಮಾತು.

"ಹುಳಿ ಇಲ್ಲ, ವಾಸನಿ ಇಲ್ಲ. ಇದು ಹೆಂಡೇನು, ಗಡಿಗಿ ತೊಳದ ನೀರು!" ಎಂದು ಸೋಮಪ್ಪ ಮೂಗು ಮುರಿಯುತ್ತಿದ್ದ.

"ಎರಡು ಬಾಟ್ಲಿ ಇಳಿಸಿ ಬೈತೀಯಲ್ಲಲೇ," ಎಂದು ಗಾಳೆಪ್ಪ ನಗುತ್ತಿದ್ದ. "ಏರೋದು ಮಾತ್ರ ಜೋರೈತಿ."

ಆ ಜೋರಿನ ಮೇಲೆಯೇ ಓಬಣ್ಣನಿಗೆ ಅನುಮಾನ. ಹುಳಿಯೇ ಇಲ್ಲದ ಹೆಂಡಕ್ಕೆ ಅಷ್ಟು ಅಮಲು ಏನು ಬೆರೆಸಿದ್ದರಿಂದ ಬಂತು?

"ಸೀಲ್ ಹಾಕಿದ್ದನ್ನ ನೀ ಯಾಕ ಕುಡದು ತೋರಸ್ತಿ? ಬಿಡು," ಎಂದಳು ಹೆಂಡತಿ ಪಕ್ಕೀರಮ್ಮ.

"ಮೊದಲು ನನ್ನ ಕೈಯಾಗಿನ ಮಾಲು. ಈಗ ಒಳಗ ಏನೈತೋ ಗೊತ್ತಿಲ್ಲ. ಅದಕ್ಕ ಕುಡಿಬೇಕು," ಎಂದ.

ಒಂದು ಬೆಳಿಗ್ಗೆ ಹೊಸ ಪೆಟ್ಟಿಗೆ ಬಂತು. ಓಬಣ್ಣ ಕುಡಿದು, ಬರಿದಾದ ಚಿಪ್ಪನ್ನು ಕೈಯಲ್ಲೇ ಹಿಡಿದು ಕಾದ.

"ಸುರುವಲೇ, ಗಂಟಲು ಒಣಗೈತಿ," ಎಂದು ಗಾಳೆಪ್ಪ ಅವಸರಪಡಿಸಿದ.

"ತಡಿ," ಎಂದ ಓಬಣ್ಣ. ಸ್ವಲ್ಪ ಹೊತ್ತಿನಲ್ಲಿ ಅವನ ನಾಲಗೆ ತೊದಲಿತು, ಕಣ್ಣು ಮಂಜಾಯಿತು. ತಡವರಿಸಿ ಚಿಪ್ಪನ್ನು ಬೋರಲು ಹಾಕಿದ. ಸಂಜೆಗೆ ತೀರಿಕೊಂಡ.

ಅಂದು ಬೇರೆ ಯಾರೂ ಕುಡಿಯಲಿಲ್ಲ, ಎಲ್ಲರೂ ಬದುಕುಳಿದರು.

ಅಂಗಡಿ ಬೇರೆಯವನ ಪಾಲಾಯಿತು. ಗಾಳೆಪ್ಪ ಬಾಗಿಲಲ್ಲಿ ನಿಂತು, "ಮೊದಲು ನೀ ಕುಡಿ," ಎಂದರೆ ಹೊಸ ಅಂಗಡಿಯವನು ನಗುತ್ತಿದ್ದ. ಗಾಳೆಪ್ಪ ಕೆಲವು ದಿನ ಕುಡಿಯದೆ ಮನೆಗೆ ಬಂದ. ಆಮೇಲೆ ಕೇಳುವುದನ್ನು ಬಿಟ್ಟು ಕುಡಿದೇ ಬರತೊಡಗಿದ.