ಕುಂಕುಮಕ್ಕೆ ಫೋಕಸ್

ಜಯನಗರದ ವೇಣು ಮೂವತ್ತೈದು ವರ್ಷ ಕನ್ನಡಕದ ಅಂಗಡಿ ನಡೆಸಿದವರು. ಎದುರು ಬಂದು ಕೂತವರ ಮೂಗು ನೋಡಿಯೇ ಫ್ರೇಮ್ ತೆಗೆದಿಡುವಷ್ಟು ಪಳಗಿದ ಕೈ. ಅಂಗಡಿಯನ್ನು ಮಗಳಿಗೆ ಒಪ್ಪಿಸಿದ ಮೇಲೆ ಹಾಯಾಗಿ ಇರಬಹುದಿತ್ತು. ಸುಮ್ಮನೆ ಕೂರುವ ಆಸಾಮಿಯಲ್ಲ ಬಿಡಿ. ಪ್ಲೈವುಡ್ ಡಬ್ಬ ಮಾಡಿ, ಮುಂದೆ ಒಂದು ಕನ್ನಡಕದ ಗಾಜು ಕೂರಿಸಿ, ಹಿಂದೆ ಫೋಟೋ ಕಾಗದ ಇಡುವ ಕ್ಯಾಮೆರಾ ಕಟ್ಟಿದರು. ಬಚ್ಚಲುಮನೆಯೇ ಡಾರ್ಕ್‌ರೂಮ್ ಆಯಿತು. ಹೆಂಡತಿ ವಿಮಲಾ ಸ್ನಾನಕ್ಕೂ ಅಪ್ಪಣೆ ಕೇಳುವ ಕಾಲ ಬಂತು.

ಮೊದಲ ಫೋಟೋ ನಿನ್ನದೇ ಎಂದು ಮುನಿಯಕ್ಕನಿಗೆ ಮಾತು ಕೊಟ್ಟಿದ್ದರು. ಅಂಗಡಿ ಮುಂದಿನ ಫುಟ್‌ಪಾತಿನಲ್ಲಿ ಇಪ್ಪತ್ತೆರಡು ವರ್ಷ ಹೂ ಮಾರಿದವಳು. ಬರುವ ಸೋಮವಾರ ಗಂಟುಮೂಟೆ ಕಟ್ಟಿ ವಸಂತಪುರದ ಮಗಳ ಮನೆಗೆ ಹೊರಡುವವಳಿದ್ದಳು. ಅಲ್ಲಿ ಗೋಡೆಗೆ ಹಾಕಲು ಅವಳಿಗೆ ತನ್ನದೊಂದು ಫೋಟೋ ಬೇಕಿತ್ತು. ಮೊಬೈಲಿನದು ಬೇಡ, ಸಾರ್ ಕೈಯಾರೆ ಮಾಡಿದ್ದೇ ಆಗಬೇಕು.

ಮೂರು ದಿನ, ಮೂರು ಫೋಟೋ, ಮೂರೂ ಮಸುಕು. ವೇಣು ಕರಿ ಬಟ್ಟೆ ಹೊದ್ದು, ಡಬ್ಬದ ಹಿಂದಿನ ಮಬ್ಬು ಗಾಜಿನ ಮೇಲೆ ಮೂಡಿದ ಮುನಿಯಕ್ಕನ ಕಾಸಗಲ ಕುಂಕುಮವನ್ನೇ ಗುರಿಯಿಟ್ಟು, ಅದರ ಅಂಚು ಸ್ಪಷ್ಟವಾಗುವವರೆಗೂ ಡಬ್ಬದ ಹಿಂಭಾಗವನ್ನು ಹಿಂದೆ ಮುಂದೆ ಸರಿಸುತ್ತಿದ್ದರು. ಆಮೇಲೆ ಸರಿಯಾಗಿ ಅದೇ ಜಾಗದಲ್ಲಿ ಕಾಗದ ಇಡುತ್ತಿದ್ದರು. ತೊಳೆದು, ಇನ್ನೊಂದು ಕಾಗದಕ್ಕೆ ಅಚ್ಚಿಳಿಸಿ ನೋಡಿದರೆ ಮುಖಕ್ಕೆ ದೋಸೆಹಿಟ್ಟು ಬಳಿದ ಹಾಗೆ.

"ಚೆನ್ನಾಗೈತೆ ಬಿಡಿ ಸಾರ್, ಇಪ್ಪತ್ತು ವರ್ಷದ ಹುಡ್ಗಿ ಥರ ಇದೀನಿ," ಎಂದಳು ಮುನಿಯಕ್ಕ. ಆದರೆ ಅವಳ ಮುಖ ಸಪ್ಪಗಾಗಿದ್ದು ವೇಣುಗೆ ಕಾಣದೆ ಇರಲಿಲ್ಲ. ಬಹಳ ನಾಚಿಕೆಯಾಯಿತು.

ಭಾನುವಾರ ಬೆಳಿಗ್ಗೆ, ಉಳಿದಿದ್ದ ಒಂದೇ ದಿನ, ಅವಳು ವೇಣು ಮನೆಯಂಗಳದಲ್ಲಿ ಸ್ಟೂಲಿನ ಮೇಲೆ ಕೂತು ಬೇಜಾರು ಕಳೆಯಲು ಕೇಳಿದಳು:

"ಸಾರ್, ನನ್ ಕಣ್ಣು ಟೆಸ್ಟ್ ಮಾಡ್ದಾಗ ಕೆಂಪು ಬೆಳಕಲ್ಲೊಂದು ಸೊನ್ನೆ, ಹಸಿರು ಬೆಳಕಲ್ಲೊಂದು ಸೊನ್ನೆ ತೋರ್ಸಿ ಯಾವ್ದು ನೀಟಾಗೈತೆ ಅಂತ ತಲೆ ತಿಂದ್ರಲ್ಲ, ಅದ್ಯಾಕೆ?"

"ಒಂದೇ ಗಾಜಲ್ಲಿ ಬಣ್ಣ ಎಲ್ಲಾ ಒಂದೇ ಕಡೆ ಬಂದು ಸೇರಲ್ಲ ಮುನಿಯಕ್ಕ. ಕೆಂಪು ದೂರ ಹೋಗಿ ಸೇರುತ್ತೆ, ಹಸಿರು ಅದಕ್ಕಿಂತ ಹತ್ತಿರ, ನೀಲಿ ಇನ್ನೂ..."

ಮಾತು ಅಲ್ಲಿಗೇ ನಿಂತಿತು. ಅಯ್ಯೋ ದೇವರೇ! ಆ ಕಾಗದಕ್ಕೆ ಕೆಂಪು ಕಾಣುವುದೇ ಇಲ್ಲ. ಬಚ್ಚಲಿನಲ್ಲಿ ಕೆಂಪು ಬಲ್ಬು ಹಾಕಿಕೊಂಡು ತೊಳೆಯುತ್ತಿದ್ದುದೇ ಅದಕ್ಕಲ್ಲವೇ? ಅದು ಹಿಡಿಯುವುದು ನೀಲಿಯನ್ನು, ಇವರು ಫೋಕಸ್ ಮಾಡಿದ್ದು ಕುಂಕುಮಕ್ಕೆ. ಕೊಂಡು ತರುವ ಕ್ಯಾಮೆರಾಗಳಲ್ಲಿ ಬೇರೆಬೇರೆ ಬಗೆಯ ಗಾಜು ಜೋಡಿಸಿ ಬಣ್ಣಗಳನ್ನು ಒಂದೇ ಕಡೆಗೆ ತಂದಿರುತ್ತಾರೆ. ಇವರದು ಒಂಟಿ ಗಾಜಿನ ಡಬ್ಬ. ಊರಿಗೆಲ್ಲ ಕೆಂಪೋ ಹಸಿರೋ ಎಂದು ಕೇಳಿದ ಮನುಷ್ಯ ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆದಿದ್ದರು.

ಒಳಗೆ ಓಡಿ ತಂಪು ಕನ್ನಡಕದ ನೀಲಿ ಗಾಜೊಂದನ್ನು ತಂದರು. ಅದರ ಮೂಲಕ ಮಬ್ಬು ಗಾಜನ್ನು ನೋಡಿದರೆ ಕುಂಕುಮ ಕಪ್ಪಾಯಿತು, ಮುಖ ಮಸುಕಾಯಿತು. ಡಬ್ಬದ ಹಿಂಭಾಗವನ್ನು ಉದ್ದಿನಕಾಳಿನಷ್ಟು ಒಳಕ್ಕೆ ತಳ್ಳಿದರು. ಹುಬ್ಬಿನ ಕೂದಲು ಒಂದೊಂದೂ ಕಂಡಿತು! ವೇಣು ಕರಿ ಬಟ್ಟೆಯೊಳಗೇ ಕುಣಿದದ್ದು ನೋಡಿ ಮುನಿಯಕ್ಕ ಬಾಯ್ತುಂಬ ನಕ್ಕಳು. ಕಾಗದ ಕೂರಿಸಿ, ಆ ನಗುವಿಗೇ ಗಾಜಿನ ಮುಚ್ಚಳ ತೆಗೆದರು.

"ಬಂತಾ ರೀ?" ಬಚ್ಚಲ ಬಾಗಿಲಲ್ಲಿ ವಿಮಲಾ ಕಾದು ನಿಂತಿದ್ದರು.

ಬಂದಿತ್ತು. ಸುಕ್ಕು, ಮಚ್ಚೆ, ಬಾಡಿದ ಕೆನ್ನೆ, ಒಂದನ್ನೂ ಬಿಡದೆ ಬಂದಿತ್ತು. ಇಷ್ಟು ಸ್ಪಷ್ಟ ಬೇಕಿತ್ತೇ ಎಂದು ವೇಣುಗೇ ಅಳುಕಾಯಿತು.

ಮುನಿಯಕ್ಕ ಫೋಟೋವನ್ನು ಬಹಳ ಹೊತ್ತು ನೋಡಿದಳು.

"ಎಲ್ರೂ ಹೂವು ನೋಡಿ ತಗೊಂಡು ಹೋದ್ರು ಸಾರ್. ನನ್ ಮುಖಾನ ಇಷ್ಟು ಕಣ್ಬಿಟ್ಟು ನೋಡಿದ್ದು ನಿಮ್ ಡಬ್ಬ ಒಂದೇ." ಸೆರಗಿನಿಂದ ಕಣ್ಣೊರೆಸಿಕೊಂಡವಳು ಮರುಕ್ಷಣವೇ ನಕ್ಕಳು. "ಉದ್ರೋಗಿರೋ ಹಲ್ಲಿನ ಜಾಗಾನೂ ಬಿಟ್ಟಿಲ್ವಲ್ಲ!"

ಮಾರನೆಯ ದಿನ ಬುಟ್ಟಿ, ಪಾತ್ರೆಗಳನ್ನೆಲ್ಲ ಆಟೋದ ಹಿಂದೆ ತುರುಕಿದಳು. ಫೋಟೋ ಮಾತ್ರ ಮಡಿಲಲ್ಲಿ. ಸಿಗ್ನಲ್ ದಾಟುವವರೆಗೂ ಅಕ್ಕಪಕ್ಕದ ಸ್ಕೂಟರಿನವರಿಗೆಲ್ಲ ಎತ್ತಿ ತೋರಿಸುತ್ತಾ ಹೋದಳು.